ಅಮೆರಿಕದ ಅಧ್ಯಕ್ಷರಾಗಿದ್ದ ಜೋ ಬೈಡನ್ ಕ್ಯಾಥೊಲಿಕ್ ಅಲ್ವಾ? ಮತ್ತೆ ಅವರಿಗೆ ಪರಮಪ್ರಸಾದ, ಅಂದರೆ ಚರ್ಚಿನ ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿ, ಕೊಡಬಾರದು ಅಂತ ಕೆಲವರು ಹೇಳಿದ್ದೇಕೆ?

ಕಾರಣ ಗರ್ಭಪಾತ. ಕ್ಯಾಥೊಲಿಕ್ ಧರ್ಮಸಭೆಗೆ ಅದು ಘೋರ ಪಾಪ. ಬೈಡನ್ ಅದರ ಹಕ್ಕಿನ ಪರ ನಿಂತವರು. ಹಾಗಂತ ಅವರು ಸುಮ್ನೆ ಹೆಸರಿಗೆ ಕ್ಯಾಥೊಲಿಕ್ ಅಲ್ಲ. ಪೂಜೆಗೆ ತಪ್ಪದೆ ಹೋಗುತ್ತಾರೆ, ತೀರಿಕೊಂಡ ಮಗನ ಜಪಮಾಲೆ ಅವರ ಮಣಿಕಟ್ಟಿನಲ್ಲೇ ಇರುತ್ತದೆ. 'ನನ್ನ ನಂಬಿಕೆಯನ್ನು ಬೇರೆಯವರ ಮೇಲೆ ಹೇರಲಾರೆ' ಅನ್ನುವುದು ಅವರ ವಾದ.

ಸಂಪ್ರದಾಯವಾದಿಗಳು ಇದನ್ನು ಒಪ್ಪುವುದಿಲ್ಲ. ಅವರು ತೋರಿಸುವುದು ಧರ್ಮಸಭೆಯ ಕಾನೂನಿನ 915ನೇ ನಿಯಮವನ್ನು: ಎಲ್ಲರಿಗೂ ಕಾಣುವಂತೆ ಗಂಭೀರ ಪಾಪದಲ್ಲಿ ಹಟ ಹಿಡಿದು ಮುಂದುವರಿಯುವವರಿಗೆ ಪರಮಪ್ರಸಾದ ಕೊಡುವಂತಿಲ್ಲ. 2019ರಲ್ಲಿ ಸೌತ್ ಕೆರೊಲಿನಾದ ಪಾದ್ರಿಯೊಬ್ಬರು ಬೈಡನ್‌ಗೆ ಕೊಡಲೇ ಇಲ್ಲ.

ಹಾಗಾದರೆ ದೇಶಕ್ಕೆಲ್ಲ ಒಂದೇ ನಿಷೇಧ ಯಾಕಿಲ್ಲ? ತನ್ನ ಧರ್ಮಪ್ರಾಂತ್ಯದಲ್ಲಿ ಆ ನಿಯಮವನ್ನು ಹೇಗೆ ಜಾರಿ ಮಾಡಬೇಕು ಅನ್ನುವುದು ಆಯಾ ಬಿಷಪ್‌ಗೆ ಬಿಟ್ಟದ್ದು. ವಾಷಿಂಗ್ಟನ್‌ನ ಆರ್ಚ್‌ಬಿಷಪ್ ಆಗಿದ್ದ ವಿಲ್ಟನ್ ಗ್ರೆಗರಿ ಬೈಡನ್‌ರನ್ನು ತಡೆಯಲಿಲ್ಲ. ಅದೇ ಸ್ಯಾನ್ ಫ್ರಾನ್ಸಿಸ್ಕೊ ಆರ್ಚ್‌ಬಿಷಪ್ ಕೊರ್ಡಿಲಿಯೋನೆ 2022ರ ಮೇನಲ್ಲಿ, ಆಗ ಅಮೆರಿಕ ಸಂಸತ್ತಿನ ಕೆಳಮನೆಯ ಸ್ಪೀಕರ್ ಆಗಿದ್ದ, ಗರ್ಭಪಾತದ ಹಕ್ಕಿನ ಪರವೇ ನಿಂತಿದ್ದ ಕ್ಯಾಥೊಲಿಕ್ ನ್ಯಾನ್ಸಿ ಪೆಲೋಸಿಗೆ ತಡೆ ಹಾಕಿದರು. ತಮಾಷೆ ನೋಡಿ, ಮುಂದಿನ ತಿಂಗಳೇ ವ್ಯಾಟಿಕನ್‌ನಲ್ಲಿ, ಪೋಪ್ ಇದ್ದ ಪೂಜೆಯಲ್ಲೇ ಪೆಲೋಸಿ ಪ್ರಸಾದ ತೆಗೆದುಕೊಂಡರು.