ಪುಸ್ತಕದಲ್ಲಿ ಬರೆದಿದ್ದಾರೆ ಅಂತ ಕೆಲಸ ಬಿಡಬೇಕಾ?

ಅಮೆರಿಕದ ಜನಪ್ರಿಯ ಕ್ಯಾಥೊಲಿಕ್ ಲೇಖಕರೊಬ್ಬರು 'ತಾಯಿ ಮನೆಯಲ್ಲೇ ಇರಬೇಕು, ಮಕ್ಕಳ ನಡುವೆ ಅಂತರ ಬೇಡ' ಅಂತ ಬರೆದಿದ್ದಾರೆ, ಕೆಲಸ ಬಿಡದಿದ್ದರೆ ಪಾಪವಾ ಅಂತ ಕೇಳಿದ್ದೀರಿ. ಪಾಪ ಅಲ್ಲ. ಇದನ್ನು ಮೊದಲೇ ಹೇಳಿಬಿಡ್ತೀನಿ, ಯಾಕಂದ್ರೆ ಇದೇ ಭಯದಲ್ಲಿ ನಾನೂ ತಿಂಗಳುಗಟ್ಟಲೆ ನಿದ್ದೆಗೆಟ್ಟಿದ್ದೇನೆ.

ನಾನು ನರ್ಸ್. ಎರಡನೇ ಮಗು ಆದಾಗ ಅಕ್ಕ ಇಂಥದ್ದೇ ಒಂದು ಪುಸ್ತಕ ಕೊಟ್ಟಳು. ನೈಟ್ ಡ್ಯೂಟಿಗೆ ಹೋಗುವಾಗ ಬಸ್ಸಿನಲ್ಲಿ ಓದುತ್ತಿದ್ದೆ. 'ಚರ್ಚ್ ಹೀಗೆ ಹೇಳುತ್ತದೆ' ಅಂತ ಬಂದಲ್ಲೆಲ್ಲ ಪೆನ್ಸಿಲಿನಲ್ಲಿ ಗೆರೆ. ಕೊನೆಗೆ ರಾಜೀನಾಮೆ ಬರೆದು ಮಗಳ ಲಸಿಕೆ ಕಾರ್ಡಿನೊಳಗೆ ಮಡಚಿಟ್ಟೆ. ಒಂದೇ ಸಂಬಳದಲ್ಲಿ ಮನೆ ಸಾಲ ತೀರುವುದಿಲ್ಲ ಅಂತ ಗೊತ್ತಿತ್ತು.

ಅದನ್ನು ಕೊಡುವ ಮೊದಲು ಪುಸ್ತಕ ತಗೊಂಡು ನಮ್ಮ ಚರ್ಚಿನ ಫಾದರ್ ಹತ್ತಿರ ಹೋದೆ. ಗೆರೆ ಎಳೆದ ಒಂದೊಂದು ಸಾಲಿನ ಮೇಲೂ ಬೆರಳಿಟ್ಟು ಅವರು ಕೇಳಿದ್ದು ಒಂದೇ ಪ್ರಶ್ನೆ: "ಇದು ಚರ್ಚಿನ ಯಾವ ದಾಖಲೆಯಲ್ಲಿದೆ?" ಕೆಲವಕ್ಕೆ ಅಡಿಟಿಪ್ಪಣಿ ಇತ್ತು. ಜಾಸ್ತಿ ಕಡೆ ಇರಲಿಲ್ಲ. ಅಲ್ಲೆಲ್ಲ ಲೇಖಕಿ ತಮ್ಮ ಮನೆಯ ಪದ್ಧತಿಯನ್ನೇ ಎಲ್ಲರಿಗೂ ನಿಯಮ ಮಾಡಿದ್ದರು. ಪುಸ್ತಕದ ಮೊದಲಲ್ಲಿ 'ಇಂಪ್ರಿಮಾತುರ್', ಅಂದ್ರೆ ಬಿಷಪ್ಪರ ಅನುಮತಿ, ಇದೆಯಲ್ಲ ಅಂದೆ. ನಂಬಿಕೆಗೆ, ನೀತಿಗೆ ವಿರುದ್ಧವಾದದ್ದು ಇದರಲ್ಲಿಲ್ಲ, ಅಚ್ಚು ಹಾಕಬಹುದು ಅಂತಷ್ಟೇ ಅದರ ಅರ್ಥ, ಅದರಲ್ಲಿನ ಪ್ರತಿ ಸಲಹೆಯನ್ನೂ ಬಿಷಪ್ ಒಪ್ಪಿದ್ದಾರೆ ಅಂತಲ್ಲ ಅಂದರು.

ಆಮೇಲೆ ನಾನೇ ದಾಖಲೆಗಳನ್ನು ಓದಿದೆ. ಎಷ್ಟು ಮಕ್ಕಳು ಅನ್ನುವುದನ್ನು ಕೊನೆಗೆ ದೇವರ ಮುಂದೆ ಗಂಡ ಹೆಂಡತಿಯೇ ತೀರ್ಮಾನಿಸಬೇಕು ಅಂತ ಚರ್ಚಿನ ಬಿಷಪ್ಪರೆಲ್ಲ ಸೇರಿದ್ದ ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲೇ ಹೇಳಿದೆ. ಗಂಭೀರ ಕಾರಣ ಇದ್ದರೆ ಅಂತರ ಇಡಬಹುದು ಅಂತ 1968ರಲ್ಲಿ ಪೋಪ್ ಆರನೇ ಪೌಲ್ ಒಂದು ಪತ್ರದಲ್ಲಿ ಬರೆದರು. ಅದೇ ಪತ್ರದಲ್ಲಿ ಕೃತಕ ಗರ್ಭನಿರೋಧ ಬೇಡ ಅಂತಲೂ ಇದೆ. ಅದು ಚರ್ಚಿನದೇ ಬೋಧನೆ. ಲೇಖಕರ ಸ್ವಂತ ಅಭಿಪ್ರಾಯ ಅಂತ ಅದನ್ನು ತಳ್ಳಿಹಾಕುವುದು ಸರಿಯಲ್ಲ. ಕೆಲಸದ ಬಗ್ಗೆ ಪೋಪ್ ಎರಡನೇ ಜಾನ್ ಪೌಲ್ 1981ರಲ್ಲಿ ಎರಡು ಮಾತು ಹೇಳಿದ್ದಾರೆ: ಸಾರ್ವಜನಿಕ ಕೆಲಸಗಳಲ್ಲಿ ಹೆಂಗಸರಿಗೂ ಪಾಲಿರಬೇಕು, ಆದರೆ ತಾಯಂದಿರು ಹೊರಗೆ ದುಡಿಯಲೇಬೇಕಾದ ಒತ್ತಡ ಇರಬಾರದು. ನನ್ನ ಪುಸ್ತಕದಲ್ಲಿ ಎರಡನೆಯದು ಮಾತ್ರ ಇತ್ತು.

ನನಗೆ ಧೈರ್ಯ ಕೊಟ್ಟಿದ್ದು ಸಂತ ಝೆಲಿ ಮಾರ್ಟಿನ್. ಫ್ರಾನ್ಸಿನ ಅಲಾನ್ಸೋನ್ ಊರಿನಲ್ಲಿ ಸ್ವಂತ ಲೇಸ್ ವ್ಯಾಪಾರ ನಡೆಸುತ್ತಿದ್ದ ತಾಯಿ. ಒಂಬತ್ತು ಮಕ್ಕಳನ್ನು ಹೆತ್ತಳು, ನಾಲ್ಕನ್ನು ಚಿಕ್ಕಂದಿನಲ್ಲೇ ಕಳೆದುಕೊಂಡಳು. ಅವಳ ವ್ಯಾಪಾರಕ್ಕೆ ಕೈಜೋಡಿಸಲು ಗಂಡ ಲೂಯಿ ತನ್ನ ಗಡಿಯಾರದ ಅಂಗಡಿಯನ್ನೇ ಮಾರಿದ. 2015ರಲ್ಲಿ ಪೋಪ್ ಫ್ರಾನ್ಸಿಸ್ ಇಬ್ಬರನ್ನೂ ಒಟ್ಟಿಗೆ ಸಂತರೆಂದು ಘೋಷಿಸಿದರು. ಅವಳ ಮಗಳೇ ನಾವು ಪ್ರಾರ್ಥಿಸುವ ಸಂತ ತೆರೇಸಾ, ಲಿಸ್ಯೂದವಳು. ಆ ಮನೆಯಲ್ಲಿ ತಾಯಿ ದುಡಿದದ್ದು ಯಾವ ಪವಿತ್ರತೆಗೂ ಅಡ್ಡಬರಲಿಲ್ಲ ಅಲ್ವಾ?

ಹಾಗಂತ ಪುಸ್ತಕ ಎಸೆಯಬೇಡಿ. ಮಕ್ಕಳ ಮೇಲೆ ಸುಮ್ನೆ ರೇಗಿದರೆ ಅವರ ಹತ್ತಿರವೇ ಕ್ಷಮೆ ಕೇಳಿ ಅಂತ ಅಕ್ಕ ಕೊಟ್ಟ ಅದೇ ಪುಸ್ತಕದಲ್ಲಿತ್ತು. ಮೊದಲ ಸಲ ಕೇಳಿದಾಗ ಮಗ ಊಟದ ತಟ್ಟೆ ಬಿಟ್ಟು ಎದ್ದು ಬಂದು, ಅನ್ನದ ಕೈಯಲ್ಲೇ ನನ್ನ ಕೆನ್ನೆ ಮುಟ್ಟಿದ. ಈ ಒಂದು ಸಲಹೆಗೆ ಆ ಲೇಖಕಿಗೆ ನಾನು ಋಣಿ.

ನೀವೂ ನಿಮ್ಮ ಫಾದರ್ ಹತ್ತಿರ ಹೋಗಿ, ನಿಮ್ಮ ಮನೆಯವರನ್ನೂ ಕರೆದುಕೊಂಡು ಹೋಗಿ. ನಾನು ಒಬ್ಬಳೇ ಹೋಗಿದ್ದೆ. ಆ ರಾಜೀನಾಮೆ ಪತ್ರದ ವಿಷಯ ನಮ್ಮ ಯಜಮಾನರಿಗೆ ಗೊತ್ತಾಗಿದ್ದೇ ಆಮೇಲೆ, ಲಸಿಕೆ ಹಾಕಿಸುವ ದಿನ.