ಬೆಳಗಾವಿ ಎಲ್ಲಿ ಹೋಯಿತು?

ಪ್ರಶ್ನೆ: ಈ ವರ್ಷದ ಜಿಲ್ಲಾವಾರು ಮಳೆಯ ಪಟ್ಟಿಯನ್ನು 2011ರ ಜನಗಣತಿ ಪಟ್ಟಿಯ ಜೊತೆ ಆರ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ‘ಮರ್ಜ್’ ಮಾಡಿದೆ. ಬೆಳಗಾವಿ, ಕಲಬುರಗಿ ಮಾಯ! ಯಾಕೆ ಸಾರ್?

ಉತ್ತರ: ನನಗೂ ಹೀಗೇ ಆಗಿ ಒಂದು ಸಂಜೆ ಪೂರ್ತಿ ಹುಡುಕಿದ್ದೆ. ಜನಗಣತಿಯಲ್ಲಿರುವುದು ‘ಬೆಲ್ಗಾಂ’, ‘ಗುಲ್ಬರ್ಗಾ’. ಹೆಸರು ಬದಲಾದದ್ದು 2014ರಲ್ಲಿ, ಅಲ್ವಾ? ಒಂದಕ್ಷರ ಬೇರೆಯಾದರೂ ಆರ್‌ಗೆ ಅದು ಬೇರೆ ಜಿಲ್ಲೆಯೇ. ಎರಡೂ ಕಡೆ ಸಿಕ್ಕಿದ್ದನ್ನಷ್ಟೇ ‘ಮರ್ಜ್’ ಉಳಿಸಿಕೊಳ್ಳುತ್ತದೆ. ಉಳಿದದ್ದನ್ನು ಸುಮ್ನೆ ಬಿಟ್ಟುಬಿಡುತ್ತದೆ, ಎಚ್ಚರಿಸುವುದೂ ಇಲ್ಲ.

ಮಳೆಯ ಪಟ್ಟಿಯನ್ನು ಎಡಗಡೆ ಇಟ್ಟು, ಮೊದಲು ಆರ್‌ನ ಪ್ಯಾಕೇಜ್ ಆದ ಡಿಪ್ಲೈಆರ್‌ನ ‘ಆಂಟಿ ಜಾಯಿನ್’ ಓಡಿಸಿ. ಜೋಡಿ ಸಿಗದ ಜಿಲ್ಲೆಗಳೆಲ್ಲ ಕಣ್ಣಿಗೆ ಬೀಳುತ್ತವೆ. ಹೆಸರು ಸರಿಮಾಡಿ, ಆಮೇಲೆ ‘ಲೆಫ್ಟ್ ಜಾಯಿನ್’ ಮಾಡಿ; ಎಡಗಡೆಯ ಜಿಲ್ಲೆಗಳೆಲ್ಲ ಉಳಿಯುತ್ತವೆ. ವಿಜಯನಗರದ ಎದುರು ‘ಎನ್‌ಎ’ (ಅಂಕಿ ಇಲ್ಲ ಎಂಬ ಗುರುತು) ಬಂದರೆ ಗಾಬರಿ ಬೇಡ. ಅದು ಬೇರೆ ಜಿಲ್ಲೆಯಾದದ್ದು 2021ರಲ್ಲಿ. ಬಳ್ಳಾರಿಯ ಹಳೆಯ ಅಂಕಿಯಲ್ಲಿ ಅದರ ಬಹುಪಾಲು ಸೇರಿದೆ (ಹರಪನಹಳ್ಳಿ ತಾಲ್ಲೂಕು ಮಾತ್ರ ಆಗ ದಾವಣಗೆರೆಯಲ್ಲಿತ್ತು), ಹೋಲಿಸುವಾಗ ನೆನಪಿರಲಿ.