ಲಿಫ್ಟ್ ಕಿಟ್ ಹಾಕಿಸಿದ ಮೇಲೆ ಪಿಕಪ್ ಟ್ರಕ್‌ನ ಮುಂಭಾಗ ಒಂದು ಬದಿಗೆ ವಾಲುವುದೇಕೆ?

ಹೆಚ್ಚಿನ ಸಂದರ್ಭಗಳಲ್ಲಿ ದೋಷವಿರುವುದು ವಾಹನವನ್ನು ಎತ್ತರಿಸುವ ಈ ಕಿಟ್‌ನಲ್ಲಲ್ಲ, ಚಕ್ರಗಳು ಗಾಳಿಯಲ್ಲಿ ನೇತಾಡುತ್ತಿರುವಾಗಲೇ ಕಂಟ್ರೋಲ್ ಆರ್ಮ್‌ನ ಬೋಲ್ಟ್‌ಗಳನ್ನು ಪೂರ್ತಿ ಬಿಗಿದಿರುವುದರಲ್ಲಿ. ಚಕ್ರವನ್ನು ಚಾಸಿಗೆ (ವಾಹನದ ಚೌಕಟ್ಟಿಗೆ) ಜೋಡಿಸುವ ಈ ತೋಳಿನ ಬುಡದಲ್ಲಿರುವ ಬುಷ್‌ನ ರಬ್ಬರು ತನ್ನ ಒಳಗಿನ ಮತ್ತು ಹೊರಗಿನ ಲೋಹದ ಕೊಳವೆಗಳೆರಡಕ್ಕೂ ಅಂಟಿಕೊಂಡಿರುತ್ತದೆ. ಬೋಲ್ಟ್ ಬಿಗಿದೊಡನೆ ಒಳಗಿನ ಕೊಳವೆ ಅದೇ ಕೋನದಲ್ಲಿ ನಿಂತುಬಿಡುವುದರಿಂದ, ವಾಹನ ನೆಲಕ್ಕಿಳಿದಾಗ ರಬ್ಬರು ತಿರುಚಿಕೊಂಡು ಇನ್ನೊಂದು ಸ್ಪ್ರಿಂಗ್‌ನಂತೆ ಆ ಬದಿಯನ್ನು ಮೇಲಕ್ಕೆ ಒತ್ತುತ್ತದೆ. ಎರಡೂ ಬದಿಯ ತಿರುಚು ಒಂದೇ ಆಗಿರದಿದ್ದರೆ ಎತ್ತರವೂ ಒಂದೇ ಆಗಿರುವುದಿಲ್ಲ.

ಆದ್ದರಿಂದ ಮೊದಲು ಸಮತಟ್ಟಾದ ನೆಲದಲ್ಲಿ ಚಕ್ರದ ನಡುಬಿಂದುವಿನಿಂದ ಮಡ್‌ಗಾರ್ಡ್‌ನ ಅಂಚಿನವರೆಗೆ ಅಳೆಯಿರಿ. ನೆಲದಿಂದ ಅಳೆದರೆ ಟೈರಿನ ಗಾಳಿಯ ವ್ಯತ್ಯಾಸವೂ ಲೆಕ್ಕಕ್ಕೆ ಸೇರಿಬಿಡುತ್ತದೆ. ಬಳಿಕ ವಾಹನದ ಭಾರ ಚಕ್ರಗಳ ಮೇಲೇ ಇರುವಂತೆ ಬೋಲ್ಟ್‌ಗಳನ್ನು ಸಡಿಲಿಸಿ, ಮುಂಭಾಗವನ್ನು ಕೆಲವು ಬಾರಿ ಅದುಮಿ ಬಿಟ್ಟು, ತಯಾರಕರು ಹೇಳಿದ ಟಾರ್ಕ್‌ಗೆ (ಬಿಗಿತದ ಪ್ರಮಾಣಕ್ಕೆ) ಮತ್ತೆ ಬಿಗಿಯಿರಿ.

ಆಮೇಲೂ ಈ ಓರೆ ಸರಿಹೋಗದಿದ್ದರೆ ಮುಂಭಾಗವನ್ನು ನಟ್ಟನಡುವೆ ಜಾಕ್‌ನಿಂದ ಎತ್ತಿ ನೋಡಿ: ಚಾಸಿ ಆಗಲೂ ವಾಲಿದ್ದರೆ ಕಾರಣ ಹಿಂಬದಿಯ ದಣಿದ ಲೀಫ್ ಸ್ಪ್ರಿಂಗ್ (ಪಟ್ಟಿ ಸ್ಪ್ರಿಂಗ್), ನೇರವಾದರೆ ಮುಂಬದಿಯ ಎಡ-ಬಲ ಸ್ಪ್ರಿಂಗ್‌ಗಳು ಅದಲುಬದಲಾಗಿವೆಯೇ, ಎತ್ತರ ಹೆಚ್ಚಿಸಲು ಇಟ್ಟ ಸ್ಪೇಸರ್ ಬಿಲ್ಲೆಗಳ ದಪ್ಪ ಒಂದೇ ಇದೆಯೇ ಎಂದು ಪರೀಕ್ಷಿಸಬೇಕು. ಸ್ಟ್ರಟ್‌ನ (ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಒಂದಾಗಿರುವ ಭಾಗದ) ಮೇಲಿನ 5 ಮಿ.ಮೀ. ವ್ಯತ್ಯಾಸ ಚಕ್ರದ ಬಳಿ ಬಹುತೇಕ ದುಪ್ಪಟ್ಟಾಗಿ ಕಾಣುತ್ತದೆ. ಇಂಧನ ಟ್ಯಾಂಕ್ ಮತ್ತು ಚಾಲಕ ಒಂದೇ ಬದಿಗಿರುವ ವಾಹನಗಳಲ್ಲಿ ತುಸು ಓರೆ ಸಹಜ. ಅದಕ್ಕೆಂದು ಮತ್ತೆ ಬಿಚ್ಚಿಸುವುದು ನನ್ನ ದೃಷ್ಟಿಯಲ್ಲಿ ವ್ಯರ್ಥ ಖರ್ಚು. ಏನೇ ಬದಲಿಸಿದರೂ ಕೊನೆಯಲ್ಲಿ ವೀಲ್ ಅಲೈನ್‌ಮೆಂಟ್ ಮಾಡಿಸಲೇಬೇಕು.